ಊದುವ ಹಲ್ಲು, ತಿನ್ನುವ ಹಲ್ಲು

ತಮ್ಮ ಮಾತನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ ಎನ್ನುವುದು ಮೊಳೆರಾಯರ ಜೀವಮಾನದ ದೂರು. ಬೇರೆ ಮಾತುಗಳ ವಿಷಯ ಹಾಗಿರಲಿ, ಅವುಗಳಲ್ಲಿ ಮುಕ್ಕಾಲು ಪಾಲು ನಂಬತಕ್ಕವೂ ಆಗಿರಲಿಲ್ಲ. ಆದರೆ ಒಂದು ಮಾತು ಮಾತ್ರ ಅಪ್ಪಟ ನಿಜ. ಮದುವೆಗೆ ಮುಂಚೆ ಅವರು ಊರ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಗುಂಪಿನಲ್ಲಿ ಗೋವಿಂದ ಎಂದು ಊದಿದವರಲ್ಲ, ಪಾರ್ಕಿನ ಮಂಟಪದಲ್ಲಿ ಎದ್ದು ನಿಂತು, ಕಣ್ಣು ಮುಚ್ಚಿಕೊಂಡು, ಮಿಕ್ಕವರೆಲ್ಲ ಸುಮ್ಮನಿರುವಾಗ ಒಬ್ಬರೇ ಊದಿದವರು.

"ಹೂಂ, ಊದಿರ್ತೀರಿ," ಎನ್ನುತ್ತಿದ್ದರು ಅವರ ಹೆಂಡತಿ. "ಈಗ್ಲೂ ಊದ್ತಾನೇ ಇದ್ದೀರಲ್ಲ, ನಿಮ್ಮ ತುತ್ತೂರಿ ನೀವೇ. ನಾನಂತೂ ನಂಬಲ್ಲಪ್ಪ."

ಮೊಳೆರಾಯರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹಳೆಯ ಸೋಫಾಗಳ ಹೊಟ್ಟೆ ಬಗೆದು, ಹೊಸ ಹತ್ತಿ ತುಂಬಿ, ಹೊಸ ಬಟ್ಟೆ ಬಿಗಿದು ಕೊಡುವುದು ಅವರ ಕಸುಬು. ಈ ಕಸುಬಿನಲ್ಲಿ ಒಂದು ಕೈ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದು ಕೈ ಸುತ್ತಿಗೆ ಹಿಡಿಯಬೇಕು. ಮೊಳೆ ಹಿಡಿಯಲು ಮೂರನೆಯ ಕೈಯನ್ನು ದೇವರು ಯಾಕೋ ಮರೆತಿದ್ದಾನೆ. ಆದ್ದರಿಂದ ಸಣ್ಣ ಮೊಳೆಗಳನ್ನು ಹಿಡಿ ತುಂಬ ಬಾಯಿಗೆ ಸುರಿದುಕೊಂಡು, ಒಂದೊಂದನ್ನೇ ನಾಲಿಗೆಯಿಂದ ಮುಂದಿನ ಹಲ್ಲಿನ ಸಂದಿಗೆ ತಂದು, ಅಯಸ್ಕಾಂತವಿರುವ ಸುತ್ತಿಗೆಯ ತುದಿಗೆ ಅಂಟಿಸಿ, ಟಪ್ ಎಂದು ಹೊಡೆಯಬೇಕು. ಅಂಗಡಿ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ. ಬೆಳಗಿನಿಂದ ಸಂಜೆಯವರೆಗೆ ಬಾಯಲ್ಲಿ ಮೊಳೆ ಇರುತ್ತಿದ್ದುದರಿಂದ, ಹೆಂಡತಿ ಅಡುಗೆಮನೆಯಿಂದ ಏನು ಕೇಳಿದರೂ ಅವರ ಉತ್ತರ ಒಂದೇ. ನಮ್ಮ ಅಕ್ಕನ ಮನೆಗೆ ಹೋಗಿಬರಲಾ? ಹ್ಞೂಂ. ಪರದೆ ಬದಲಾಯಿಸಲಾ? ಹ್ಞೂಂ. ನಿಮಗೆ ತಲೆ ಸರಿ ಇದೆಯಾ? ಹ್ಞೂಂ. ಮೂವತ್ತು ವರ್ಷದಲ್ಲಿ ಆ ಮನೆಯಿಂದ ಜಗಳದ ಸದ್ದು ಕೇಳಿದವರಿಲ್ಲ. ಎಂಥ ಅನ್ಯೋನ್ಯ ದಾಂಪತ್ಯ ಎಂದು ಬಂಧುಬಳಗವೆಲ್ಲ ಹೊಗಳುತ್ತಿತ್ತು. (ಆ ಹೊಗಳಿಕೆ ನ್ಯಾಯವಾಗಿ ಸಲ್ಲಬೇಕಾದದ್ದು ಮೊಳೆ ಕಾರ್ಖಾನೆಗೆ.)

ಅಂಗಡಿ ಮುಚ್ಚಿ, ಮೊಳೆ ಉಗುಳಿದ ಮೇಲಷ್ಟೇ ರಾಯರಿಗೆ ನಾಲಿಗೆ ಬರುತ್ತಿತ್ತು. ಬಂದ ನಾಲಿಗೆ ನೇರವಾಗಿ ಟ್ರಂಪೆಟ್ಟಿನ ಕಥೆಗೆ ಹೋಗುತ್ತಿತ್ತು. ಹೆಂಡತಿ "ನಂಬಲ್ಲ" ಎನ್ನುತ್ತಿದ್ದರು. ರಾಯರು ಮುಖ ದಪ್ಪ ಮಾಡಿಕೊಂಡು ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಉಳಿದ ಮಖಮಲ್ಲಿನ ತುಂಡಿನಿಂದ ಟ್ರಂಪೆಟ್ಟನ್ನು ಫಳಫಳ ಹೊಳೆಯುವಂತೆ ಉಜ್ಜಿ, ಮತ್ತೆ ಒಳಗಿಡುತ್ತಿದ್ದರು. ಊದಿ ತೋರಿಸುವಂತಿರಲಿಲ್ಲ. ಮೊಳೆ ಕಚ್ಚಿ ಕಚ್ಚಿ ಮುಂದಿನ ಹಲ್ಲುಗಳು ಮದುವೆಯಾದ ಹೊಸತರಲ್ಲೇ ಚೂರಾಗಿದ್ದವು. ಟ್ರಂಪೆಟ್ ಊದುವುದು ತುಟಿಯಿಂದ ಎಂದು ಜನ ತಿಳಿದಿದ್ದಾರೆ. ಆದರೆ ತುಟಿಗೆ ಒರಗಲು ಹಿಂದೆ ಹಲ್ಲು ಬೇಕು. ಬೆನ್ನಹಲಗೆ ಇಲ್ಲದ ಸೋಫಾಕ್ಕೆ ಎಷ್ಟು ಹತ್ತಿ ತುಂಬಿದರೆ ಏನು ಬಂತು ಎಂದು ರಾಯರು ಕೇಳುತ್ತಿದ್ದರು.

ಕೊನೆಗೊಂದು ದಿನ ಮೇಲಿನ ಸಾಲು ಪೂರ್ತಿ ಕೈಕೊಟ್ಟಿತು. ರಾಯರು ಕೆನ್ನೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಬಳಿಗೆ ಹೋದರು. ಈ ಡಾಕ್ಟರು ಸಾಮಾನ್ಯರಲ್ಲ. ಹಗಲೆಲ್ಲ ಜನರ ಬಾಯಿ ತೆಗೆಸಿ ಹಲ್ಲು ಕೀಳುವುದು, ಸಂಜೆ ಅದೇ ಬಾಯಿಗಳಿಗೆ ಹಿತ್ತಾಳೆ ಕೊಟ್ಟು ಊದಿಸುವುದು ಅವರ ದಿನಚರಿ. ಅಂದರೆ ಊರ ಬ್ಯಾಂಡಿನ ಮಾಸ್ತರೂ ಅವರೇ. ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ರಾಯರು ತಮ್ಮ ಕಥೆಯನ್ನು ಹೇಳಿದರು. ಡಾಕ್ಟರು ಇಕ್ಕಳವನ್ನು ಕೆಳಗಿಟ್ಟು, "ಹೌದಾ? ನಮ್ಮ ಟ್ರಂಪೆಟ್ಟಿನವರು ಕೆಲಸದ ಮೇಲೆ ಬೇರೆ ಊರಿಗೆ ಹೊರಟುಹೋದ್ರು. ಪಾರ್ಕಿನ ಕಾರ್ಯಕ್ರಮಕ್ಕೆ ಒಬ್ಬರೇ ಊದೋ ಭಾಗ ಇದೆ, ಜನ ಇಲ್ಲ. ನೀವೇ ಬಂದುಬಿಡಿ," ಎಂದರು.

ಅವರು ನಂಬಿದ್ದರು! ಒಂದೇ ಮಾತಿಗೆ, ಸಾಕ್ಷಿ ಕೇಳದೆ ನಂಬಿದ್ದರು. ರಾಯರ ಕಣ್ಣಲ್ಲಿ ನೀರು ಬಂತು. ನೋವಿಗೆ ಎಂದುಕೊಂಡು ಡಾಕ್ಟರು ಇನ್ನೊಂದು ಸೂಜಿ ಚುಚ್ಚಿದರು.

ಊದುವವರಿಗೆ ಒಂದು ಸೆಟ್ಟು ಹಲ್ಲು ಸಾಲದಂತೆ. ತಿನ್ನುವ ಹಲ್ಲನ್ನು ಹಾಕಿಕೊಂಡು ಊದಿದರೆ, ಟ್ರಂಪೆಟ್ ಒತ್ತಿದ ಕೂಡಲೇ ಅದು ಒಳಗೆ ಜಾರುತ್ತದೆ. ಊದುವ ಹಲ್ಲು ಮುಂದೆ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಹಿಂದಿನ ದವಡೆಹಲ್ಲುಗಳನ್ನು ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ. ಅದರಲ್ಲಿ ಅಗಿದರೆ ಮೇಲಿನದು ಕೆಳಗಿನದಕ್ಕೆ ಸೇರುವುದೇ ಇಲ್ಲ. ಡಾಕ್ಟರು ಎರಡನ್ನೂ ಮಾಡಿಕೊಟ್ಟರು. ಕಣ್ಣಿಗೆ ಎರಡೂ ಅಚ್ಚು ಒಂದೇ ಥರ. "ಅದಲು ಬದಲು ಆಗ್ಬಾರದು ಅಂತ ಒಳಗಡೆ ನೀಲಿ ಚುಕ್ಕೆ ಇಟ್ಟಿದ್ದೀನಿ ನೋಡಿ..." ಎಂದು ಅವರು ವಿವರಿಸುತ್ತಿದ್ದಾಗ ರಾಯರು ಕನ್ನಡಿಯ ಮುಂದೆ ನಿಂತು, ಇಲ್ಲದ ಟ್ರಂಪೆಟ್ಟನ್ನು ಹಿಡಿದು, ಕಣ್ಣು ಮುಚ್ಚಿ, ಚಪ್ಪಾಳೆ ಕೇಳಿಸಿಕೊಳ್ಳುತ್ತಿದ್ದರು. ಚುಕ್ಕೆ ಎನ್ನುವುದು ಕಿವಿಗೆ ಬಿತ್ತು. ಮುಂದಿನದು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಮನೆಗೆ ಬಂದು ಎರಡನ್ನೂ ಮೇಜಿನ ಮೇಲಿಟ್ಟು ಮಗುಚಿ ನೋಡಿದರು. ಒಂದಕ್ಕೆ ಚುಕ್ಕೆ ಇತ್ತು, ಇನ್ನೊಂದಕ್ಕಿರಲಿಲ್ಲ.

"ಚುಕ್ಕೆ ಇರೋದು ಯಾವ್ದು? ತಿನ್ನೋದಾ, ಊದೋದಾ?" ಎಂದು ಹೆಂಡತಿ ಕೇಳಿದರು.

"ಅದೂ ಒಂದು ಪ್ರಶ್ನೆಯೇನೆ? ಚುಕ್ಕೆ ಇರೋದು ತಿನ್ನೋಕೆ."

"ಡಾಕ್ಟ್ರು ಹಾಗಂದ್ರಾ?"

"ಡಾಕ್ಟ್ರು ಯಾಕೆ ಹೇಳ್ಬೇಕು? ಬಟ್ಟೆಗೆ ಸೀಮೆಸುಣ್ಣದ ಗುರುತು ಎಲ್ಲಿ ಹಾಕ್ತೀವಿ? ಉಲ್ಟಾ ಮಗ್ಗುಲಿಗೆ. ಗುರುತಿರೋದು ಒಳಗೆ, ಗುರುತಿಲ್ಲದ್ದು ಜನ ನೋಡೋಕೆ. ಜನರ ಮುಂದೆ ಹೋಗೋದು ಯಾವ ಹಲ್ಲು? ಊದೋದು. ಅದಕ್ಕೆ ಗುರುತಿರಲ್ಲ."

"ಒಂದು ಮಾತು ಡಾಕ್ಟ್ರನ್ನ ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಮೂವತ್ತು ವರ್ಷ ಗುರುತು ಹಾಕಿದ ಕೈ ಇದು. ನನಗೇ ಗುರುತು ಹೇಳಿಕೊಡೋಕೆ ಬರ್ತೀಯಾ?"

ಹೀಗೆ ಸೋಫಾಶಾಸ್ತ್ರದ ಆಧಾರದ ಮೇಲೆ ದಂತಶಾಸ್ತ್ರ ಇತ್ಯರ್ಥವಾಯಿತು. ಚುಕ್ಕೆಯ ಸೆಟ್ಟು ಅಡುಗೆಮನೆಯ ಕಿಟಕಿಯ ಲೋಟಕ್ಕೆ ಹೋಯಿತು. ಚುಕ್ಕೆಯಿಲ್ಲದ್ದು ಅಂಗಡಿಯ ಲೋಟಕ್ಕೆ ಬಂತು. ಹೊಸ ಹಲ್ಲಿಗೆ ಮೊಳೆ ತಾಗಿಸಬಾರದು ಎಂದು ಡಾಕ್ಟರ ಕಟ್ಟಪ್ಪಣೆಯಾಗಿತ್ತು. ರಾಯರು ಸೊಂಟಕ್ಕೊಂದು ಚೀಲ ಹೊಲಿದುಕೊಂಡು ಮೊಳೆಗಳನ್ನು ಅದಕ್ಕೆ ತುಂಬಿದರು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರ ಬಾಯಿ ಹಗಲೆಲ್ಲ ಖಾಲಿ ಉಳಿಯಿತು. ಖಾಲಿ ಬಾಯಿ ಸುಮ್ಮನಿರುತ್ತದೆಯೇ?

"ಇದೇನೇ ಇದು, ಬಟಾಣಿಯಾ, ಕೋವಿಗೆ ಹಾಕೋ ಗುಂಡಾ?" ಎಂದು ಮೊದಲ ದಿನವೇ ಶುರುವಾಯಿತು.

"ಚೆನ್ನಾಗಿ ಬೆಂದಿದೆಯಲ್ರೀ!"

"ಏನು ಬೆಂದಿದೆ, ನನ್ನ ಹೊಟ್ಟೆ ಬೆಂದಿದೆ. ಬೀನ್ಸು ಹಗ್ಗದ ಥರ ಇದೆ. ಆಲೂಗಡ್ಡೆ ಕಲ್ಲು. ಅಗಿದೂ ಅಗಿದೂ ದವಡೆ ಬಿದ್ದುಹೋಯ್ತು, ಬೀನ್ಸು ಮಾತ್ರ ಹಾಕಿದ ಹಾಗೇ ಇದೆ."

ಹೆಂಡತಿ ಮರುದಿನ ಇನ್ನಷ್ಟು ಬೇಯಿಸಿದರು. ರಾಯರು ಇನ್ನಷ್ಟು ಗೊಣಗಿದರು. ಬೇಯಿಸುವುದೂ ಗೊಣಗುವುದೂ ಪೈಪೋಟಿಯ ಮೇಲೆ ಸಾಗಿ, ಕೊನೆಗೆ ಆ ಮನೆಯಲ್ಲಿ ಯಾವ ತರಕಾರಿಯೂ ತನ್ನ ಸ್ವಂತ ಆಕಾರದಲ್ಲಿ ಮೇಜಿಗೆ ಬರುವುದು ನಿಂತುಹೋಯಿತು. ತಟ್ಟೆಯಲ್ಲಿ ಹಸಿರು ಕಂಡರೆ ಬಟಾಣಿ, ಕೆಂಪು ಕಂಡರೆ ಕ್ಯಾರೆಟ್ ಎಂದು ಬಣ್ಣದ ಮೇಲೆ ಊಹಿಸಬೇಕಾಗಿತ್ತು. ಜೊತೆಗಿದ್ದ ಸೊಸೆ ಪಾಪ, ಮೂವತ್ತೆರಡು ಹಲ್ಲೂ ಗಟ್ಟಿ ಇದ್ದ ಹುಡುಗಿ. "ಅತ್ತೆ, ನಾನು ಕಚೇರಿಯಲ್ಲೇ ಊಟ ಮಾಡ್ಕೊಂಡು ಬರ್ತೀನಿ, ಅಲ್ಲಿ ಅಗಿಯೋಕೆ ಏನಾದ್ರೂ ಸಿಗುತ್ತೆ," ಎಂದು ಮೆಲ್ಲಗೆ ಹೇಳಿದಳು.

ಇತ್ತ ಟ್ರಂಪೆಟ್ಟಿನ ಸ್ಥಿತಿ ಊಟಕ್ಕಿಂತ ಕಡೆಯಾಗಿತ್ತು. ರಾಯರು ಎದೆ ತುಂಬ ಉಸಿರೆಳೆದು, ಕಣ್ಣು ಮುಚ್ಚಿ, ಮೂವತ್ತು ವರ್ಷದ ಆಸೆಯನ್ನೆಲ್ಲ ಒಟ್ಟುಗೂಡಿಸಿ ಊದಿದರೆ, ಒಳಗೆ ಹಲ್ಲು ಕಟಕ್ ಎಂದು ಜಾರಿ, ಹೊರಗೆ ಕೀಂ ಎಂದು ಒಂದು ಸ್ವರ ಬರುತ್ತಿತ್ತು. ಹೊಲಿಸಲು ಸೋಫಾ ತಂದ ಗಿರಾಕಿಯೊಬ್ಬರು, "ಒಳಗೆ ಇಲಿ ಸೇರಿಕೊಂಡಿದೆಯೇನೋ ನೋಡಿ," ಎಂದು ತಮ್ಮ ಸೋಫಾವನ್ನೇ ಅನುಮಾನಿಸಿದರು. ಬ್ಯಾಂಡಿನ ತಾಲೀಮಿನಲ್ಲೂ ಅದೇ ಕೀಂ. ಡಾಕ್ಟರು ಒಳ್ಳೆಯ ಮನುಷ್ಯರು. "ಹೊಸ ಹಲ್ಲು, ರೂಢಿ ಆಗ್ಬೇಕು," ಎಂದು ಸಮಾಧಾನ ಹೇಳುತ್ತಿದ್ದರು. ಆದರೆ ದಿನ ಹತ್ತಿರ ಬಂದಂತೆ ಅವರ ಮುಖವೂ ಸಪ್ಪಗಾಯಿತು.

ರಾಯರು ಮಾತ್ರ ತಪ್ಪು ತಮ್ಮದೆಂದು ಒಪ್ಪಲಿಲ್ಲ. ತಪ್ಪು ಒಮ್ಮೆ ಹವೆಯದು, ಒಮ್ಮೆ ಟ್ರಂಪೆಟ್ಟಿನ ಗುಂಡಿಗಳಿಗೆ ಹಾಕಿದ ಎಣ್ಣೆಯದು. ಬಹಳ ಸಲ ಹೆಂಡತಿಯದು.

"ಹೊಟ್ಟೆಗೆ ಸರಿಯಾಗಿ ಬಿದ್ರೆ ತಾನೇ ಉಸಿರು ಬರೋದು? ಹಸಿ ಬೀನ್ಸು ತಿಂದು ಯಾವನಾದ್ರೂ ಟ್ರಂಪೆಟ್ ಊದೋಕಾಗುತ್ತಾ?"

ಹೆಂಡತಿ ಸೌಟನ್ನು ಮೇಜಿನ ಮೇಲೆ ಕುಕ್ಕಿದರು. "ಸಾಕು! ಕಾರಣ ಕೇಳಿ ಕೇಳಿ ಕಿವಿ ತೂತಾಯ್ತು. ಪಾರ್ಕಿನಲ್ಲಿ ಆ ನಿಮ್ಮ ಭಾಗಾನ ತಪ್ಪಿಲ್ಲದ ಹಾಗೆ ಊದಿಬಿಡಿ. ಆಮೇಲೆ ನಿಮ್ಮ ಮಾತಿಗೆ ನಾನು ಎದುರಾಡಿದ್ರೆ ಕೇಳಿ. ನೀವು ಏನು ಹೇಳಿದ್ರೂ ಸರಿ, ಹೌದು ಅಂತೀನಿ."

"ಮಾತು ಕೊಟ್ಟ ಹಾಗೆ?"

"ಕೊಟ್ಟ ಹಾಗೆ. ಆದ್ರೆ ಊದೋಕೆ ಆಗ್ಲಿಲ್ಲ ಅಂದ್ರೆ ಆ ತುತ್ತೂರಿ ಅಟ್ಟಕ್ಕೆ. ಇನ್ನೊಂದು ಸಲ ಆ ಕಥೆ ಈ ಮನೇಲಿ ಎತ್ತಬಾರದು."

ರಾಯರು ಟ್ರಂಪೆಟ್ ಅಟ್ಟಕ್ಕೆ ಹೋದರೂ ತಡೆದುಕೊಂಡಾರು. ಆದರೆ ಆ ಕಥೆ? ಸೋಫಾಗಳ ಹೊಟ್ಟೆಯಲ್ಲಿ ಕೈಯಿಟ್ಟು ಕಳೆದ ಬದುಕಿನಲ್ಲಿ ಎದ್ದು ನಿಂತದ್ದು ಎಂದು ಅವರಿಗೆ ಇದ್ದದ್ದು ಅದೊಂದೇ. ಅದೂ ಹೋದರೆ ಸಂಜೆ ಅಂಗಡಿ ಮುಚ್ಚಿ ಮಾತಾಡುವುದಾದರೂ ಏನನ್ನು? ಆದರೂ ಗಂಡಸು. "ಆಗ್ಲಿ," ಎಂದರು.

ಕಾರ್ಯಕ್ರಮದ ಸಂಜೆ ಪಾರ್ಕಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಹೆಂಡತಿ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ಪಕ್ಕದಲ್ಲಿ ಸೊಸೆ ಪೊಟ್ಟಣದಿಂದ ಹುರಿದ ಕಡಲೆಕಾಯಿಯನ್ನು ಸದ್ದು ಮಾಡಿ, ಆಸೆ ತೀರುವಂತೆ ಅಗಿಯುತ್ತಿದ್ದಳು. ಮಂಟಪದ ಹಿಂದೆ ಬ್ಯಾಂಡಿನವರು ತಂತಮ್ಮ ವಾದ್ಯಗಳನ್ನು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ದೊಡ್ಡ ಡೋಲು ಅಂಗಾತ ಮಲಗಿತ್ತು. ರಾಯರು ಒಂದು ಮೂಲೆಯಲ್ಲಿ ನಿಂತು, ಕೊನೆಯ ಪ್ರಯತ್ನವೆಂದು ಶಕ್ತಿಯನ್ನೆಲ್ಲ ಬಿಟ್ಟು ಊದಿದರು. ಕೀಂ ಎಂದಿತು. ಇನ್ನೂ ಬಿಗಿಯಾಗಿ ಒತ್ತಿ ಊದಿದರು. ಆಮೇಲೆ ಟ್ರಂಪೆಟ್ಟನ್ನು ತುಟಿಯಿಂದ ಇಳಿಸಿದ್ದೇ ತಡ, ಒಳಗೆ ಉಳಿದಿದ್ದ ಉಸಿರು ಹಲ್ಲನ್ನೂ ಜೊತೆಗೆ ಕರೆದುಕೊಂಡು ಹೊರಟಿತು. ಮೇಲಿನ ಸಾಲಿಗೆ ಸಾಲೇ ಗಾಳಿಯಲ್ಲಿ ಹಾರಿ, ಡೋಲಿನ ನಟ್ಟ ನಡುವೆ ಧಂ ಎಂದು ಬಿತ್ತು.

ಕಾರ್ಯಕ್ರಮ ಶುರುವಾಯಿತೆಂದು ಜನ ಚಪ್ಪಾಳೆ ತಟ್ಟಿದರು.

ಡಾಕ್ಟರು ಓಡಿಬಂದು ಹಲ್ಲನ್ನು ಎತ್ತಿಕೊಂಡರು. ಬ್ಯಾಂಡ್ ಮಾಸ್ತರರ ಕೈಗೆ ಸಿಕ್ಕಿದ್ದರೆ ಹಾಗೇ ಹಿಂದಕ್ಕೆ ಬರುತ್ತಿತ್ತೇನೋ. ಆದರೆ ಹಲ್ಲಿನ ಡಾಕ್ಟರ ಕೈ ಅಭ್ಯಾಸಬಲದಿಂದ ಅದನ್ನು ಮಗುಚಿ ನೋಡಿತು.

"ಇದರಲ್ಲಿ ಚುಕ್ಕೆ ಎಲ್ರೀ?"

"ಊವೋ ಅಲ್ಲಿಗೆ ಉಕ್ಕೆ ಎಲ್ಲಿವುತ್ತೆ?" ಎಂದರು ರಾಯರು. (ಊದೋ ಹಲ್ಲಿಗೆ ಚುಕ್ಕೆ ಎಲ್ಲಿರುತ್ತೆ ಎಂದು ಅದರ ಅರ್ಥ. ಬಾಯಿ ಖಾಲಿ ಇತ್ತು.)

"ಅಯ್ಯೋ ಮಾರಾಯ್ರೇ! ಊದೋದಕ್ಕೇ ಅಲ್ವಾ ನಾನು ಚುಕ್ಕೆ ಇಟ್ಟಿದ್ದು! ಇದು ತಿನ್ನೋದು! ಮೂರು ತಿಂಗಳಿಂದ ಇದರಲ್ಲಾ ಊದ್ತಾ ಇದ್ದೀರಿ? ಹಾಗಾದ್ರೆ ತಿಂತಾ ಇದ್ದದ್ದು ಯಾವುದ್ರಲ್ಲಿ?"

ಅಷ್ಟರಲ್ಲಿ ಗಲಾಟೆ ಕೇಳಿ ಹೆಂಡತಿ ಮಂಟಪದ ಹಿಂದಕ್ಕೆ ಬಂದಿದ್ದರು. ರಾಯರು ಅವರನ್ನು ಕಂಡವರೇ, ಇದ್ದಬದ್ದ ಕೆಳಸಾಲಿನ ಬಲದಿಂದ ಕೂಗಾಡಿದರು. ತೊಳೆಯುವಾಗ ಲೋಟ ಅದಲು ಬದಲು ಮಾಡಿದವಳು ನೀನೇ, ನನ್ನ ಮರ್ಯಾದೆ ಕಳೆಯಲು ಹೂಡಿದ ಸಂಚು ಇದು ಎಂಬುದು ಅದರ ಸಾರಾಂಶ.

"ಗುರುತಿರೋದು ಒಳಗೆ, ಗುರುತಿಲ್ಲದ್ದು ಜನ ನೋಡೋಕೆ," ಎಂದರು ಹೆಂಡತಿ ತಣ್ಣಗೆ. "ಡಾಕ್ಟ್ರನ್ನ ಕೇಳಿ ಅಂದಿದ್ದು ಯಾರು, ಮೂವತ್ತು ವರ್ಷದ ಕೈ ಅಂದಿದ್ದು ಯಾರು?"

ರಾಯರು ಟ್ರಂಪೆಟ್ಟನ್ನು ಪೆಟ್ಟಿಗೆಗೆ ಇಡಲು ಬಗ್ಗಿದರು. ಚುಕ್ಕೆಯ ಹಲ್ಲು ಮನೆಯಲ್ಲಿ, ಅಡುಗೆಮನೆಯ ಲೋಟದಲ್ಲಿ ಉಳಿದಿರಬೇಕು. ಹೋಗಿ ತರುವಷ್ಟರಲ್ಲಿ ಕಾರ್ಯಕ್ರಮವೇ ಮುಗಿಯುತ್ತದೆ. ಕಥೆ ಇಲ್ಲಿಗೆ ಅಟ್ಟ ಹತ್ತಿತು ಎಂದುಕೊಂಡರು. ಕೈ ಮಾತ್ರ ತಾನಾಗಿ ಮಖಮಲ್ಲಿನ ತುಂಡಿನಿಂದ ಟ್ರಂಪೆಟ್ಟನ್ನು ಉಜ್ಜುತ್ತಿತ್ತು.

ಹೆಂಡತಿ ಒಂದು ಕ್ಷಣ ಆ ಕೈಯನ್ನೇ ನೋಡಿದರು. ಆಮೇಲೆ ಕೈಚೀಲ ತೆಗೆದು ಸಣ್ಣ ಡಬ್ಬಿಯೊಂದನ್ನು ಮುಂದೆ ಹಿಡಿದರು. "ತಗೊಳ್ಳಿ. ಕೊನೇಲಿ ಎಲ್ಲರಿಗೂ ಚಹಾ, ಬಿಸ್ಕತ್ತು ಕೊಡ್ತಾರಂತೆ. ನಾಲ್ಕು ಜನರ ಮುಂದೆ ಬಿಸ್ಕತ್ತು ಚೀಪ್ತಾ ಕೂರ್ತೀರಲ್ಲ ಅಂತ ತಿನ್ನೋ ಹಲ್ಲು ಜೊತೆಗೆ ತಂದಿದ್ದೆ."

ಡಬ್ಬಿಯೊಳಗೆ, ಒದ್ದೆ ಬಟ್ಟೆಯಲ್ಲಿ, ನೀಲಿ ಚುಕ್ಕೆಯ ಹಲ್ಲು ಇತ್ತು.

ಮುಂದೆ ನಡೆದದ್ದನ್ನು ಊದಿದವರಿಗಿಂತ ಕೇಳಿದವರು ಚೆನ್ನಾಗಿ ಹೇಳುತ್ತಾರೆ. ಮಿಕ್ಕ ವಾದ್ಯಗಳು ತಗ್ಗಿ, ನಿಂತವು. ರಾಯರು ಎದ್ದರು. ಕಣ್ಣು ಮುಚ್ಚಿದರು. ತುಟಿಯ ಹಿಂದೆ ಹಲ್ಲು ಗೋಡೆಯ ಹಾಗೆ ಅಲುಗಾಡದೆ ನಿಂತಿತು. ಮೂರು ತಿಂಗಳು ಜಾರುವ ಹಲ್ಲಿನ ಜೊತೆ ಗುದ್ದಾಡಿ ಗಟ್ಟಿಯಾಗಿದ್ದ ಉಸಿರು ಅಡ್ಡಿಯಿಲ್ಲದೆ ಹೊರಗೆ ಬಂತು. ಸ್ವರ ತುಂಬಿಕೊಂಡು, ದುಂಡಗೆ, ಪಾರ್ಕಿನ ಆಚೆಯ ರಸ್ತೆಯವರೆಗೆ ಹೋಯಿತು. ಅಲ್ಲಿ ನಡೆದುಹೋಗುತ್ತಿದ್ದವರು ನಿಂತರು. ಸೊಸೆ ಕಡಲೆಕಾಯಿ ಅಗಿಯುವುದನ್ನು ನಿಲ್ಲಿಸಿದಳು. ಮುಗಿದಾಗ ಬಂದ ಚಪ್ಪಾಳೆ, ಕನ್ನಡಿಯ ಮುಂದೆ ರಾಯರು ಕೇಳಿಸಿಕೊಂಡಿದ್ದಕ್ಕಿಂತ ಜೋರಾಗಿತ್ತು. ಅವರಿಗೆ ತುಂಬ ಸಂತೋಷವಾಯಿತು, ಅಳುವೂ ಬಂತು.

ಮನೆಗೆ ನಡೆದು ಬರುವಾಗ ರಾಯರ ಎದೆ ಹೊಸದಾಗಿ ಹತ್ತಿ ತುಂಬಿದ ದಿಂಬಿನಂತಿತ್ತು. ಸೊಸೆ ಮುಂದೆ ಹೋಗಿದ್ದಳು. ಹೆಂಡತಿ ಪಕ್ಕದಲ್ಲಿ ನಡೆಯುತ್ತಿದ್ದರು. ಗೆದ್ದವರಿಗೆ ಗೆಲುವನ್ನು ಮುಟ್ಟಿ ನೋಡುವ ಆಸೆ ಇರುತ್ತದಲ್ಲ?

"ನಾಳೆಯಿಂದ ದಿನಾ ಎರಡು ಹೊತ್ತು ಅಭ್ಯಾಸ ಮಾಡ್ತೀನಿ," ಎಂದರು.

"ಹೌದು, ಮಾಡ್ಬೇಕು."

"ಟ್ರಂಪೆಟ್ಟು ಇನ್ಮೇಲೆ ಮಂಚದ ಕೆಳಗಲ್ಲ, ನಡುಮನೇಲಿ ಇರುತ್ತೆ."

"ಸರಿ."

ಎಂಥ ಸುಖ! ರಾಯರು ಇನ್ನೊಂದು ಹೆಜ್ಜೆ ಮುಂದೆ ಹೋದರು. "ಇವತ್ತಿನದೇನು ಮಹಾ. ಆ ಕಾಲದಲ್ಲಿ ನಾನು ಇದಕ್ಕಿಂತ ಎಷ್ಟೋ ಚೆನ್ನಾಗಿ ಊದ್ತಿದ್ದೆ."

"ಹೌದು," ಎಂದರು ಹೆಂಡತಿ. "ಊದ್ತಿದ್ರಿ."

ರಾಯರು ಗಕ್ಕನೆ ನಿಂತರು. "ನಾನು ಹೇಳಿದ್ದಕ್ಕೆ ಸುಮ್ಮನೆ ಹೌದು ಅಂತಿದ್ದೀಯಾ? ಅಥವಾ..."

"ಸುಮ್ಮನೆ ಯಾಕೆ ಅನ್ಲಿ? ಚಿಕ್ಕಮ್ಮನ ಜೊತೆ ಪಾರ್ಕಿಗೆ ಬರ್ತಿದ್ದೆ. ಮುಂದಿನ ಸಾಲಲ್ಲೇ ಕೂರ್ತಿದ್ದೆ. ನೀವು ಕಣ್ಣು ಬಿಟ್ಟು ಊದಿದ್ದಿದ್ರೆ ತಾನೇ ಕಾಣಿಸೋಕೆ? ಮನೇಲಿ ನಿಮ್ಮ ಸಂಬಂಧ ಬಂದಾಗ, ಹುಡುಗ ಬರೀ ಸೋಫಾ ಹೊಲಿತಾನಂತೆ ಅಂತ ಎಲ್ರೂ ಮೂಗು ಮುರಿದ್ರು. ನಾನೇ ಆಗ್ಲಿ ಅಂದೆ."

"ಮತ್ತೆ ಇಷ್ಟು ವರ್ಷ ನಂಬಲ್ಲ, ನಂಬಲ್ಲ ಅಂತ..."

"ಮದುವೆಯಾದ ಮೇಲೆ ಊದೋದು ಬಿಟ್ರಿ. ನಂಬ್ತೀನಿ ಅಂದಿದ್ರೆ ಅಷ್ಟಕ್ಕೇ ತೃಪ್ತಿಪಟ್ಟುಕೊಂಡು, ಆ ಪೆಟ್ಟಿಗೇನ ಮರೆತುಬಿಡ್ತಿದ್ರಿ. ನಂಬಲ್ಲ ಅಂದಾಗಲೆಲ್ಲ ಹೊರಗೆ ತೆಗೆದು ಉಜ್ಜಿ ಇಡ್ತಿದ್ರಿ. ಹೊಳೀತಾ ಇತ್ತಲ್ಲ, ಇವತ್ತಿನವರೆಗೂ."

ರಾಯರು ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ಖಾಲಿಯಾದ ಕೈಯಿಂದ ಹೆಂಡತಿಯ ಕೈಚೀಲವನ್ನು ತೆಗೆದುಕೊಂಡು ತಾವೇ ಹಿಡಿದು ನಡೆದರು. ಜಗತ್ತಿನಲ್ಲಿ ತಮ್ಮಷ್ಟು ಸುಖಿ ಇನ್ನೊಬ್ಬನಿಲ್ಲ ಎಂದು ಅವರಿಗೆ ಅನಿಸಿತು.

ಆ ಅನಿಸಿಕೆ ಮರುದಿನ ಮಧ್ಯಾಹ್ನದ ಊಟದವರೆಗೆ ಬಾಳಿತು.

ರಾಯರು ಸರಿಯಾದ ಹಲ್ಲನ್ನು ಸರಿಯಾದ ಹೊತ್ತಿಗೆ ಹಾಕಿಕೊಂಡು, ಮೂರು ತಿಂಗಳ ಹಸಿವನ್ನೆಲ್ಲ ತೀರಿಸಿಕೊಳ್ಳುವ ಉತ್ಸಾಹದಲ್ಲಿ ಕುಳಿತರು. ಹೆಂಡತಿ ತುಂಬು ವಿನಯದಿಂದ ಬಡಿಸಿದರು. ರಾಯರು ಬಟಾಣಿಗೆ ಚಮಚ ಹಾಕಿದರು. ಒಂದು ಬಟಾಣಿ ಟಿಣ್ ಎಂದು ಹಾರಿ, ಎದುರು ಗೋಡೆಗೆ ಹೊಡೆದು, ಅಂಗಡಿಯವರೆಗೂ ಉರುಳಿಕೊಂಡು ಹೋಯಿತು. ಬೀನ್ಸು ಎಳೆದರೆ ಬಾಗಿತು, ಹರಿಯಲಿಲ್ಲ. ಆಲೂಗಡ್ಡೆಯೊಳಕ್ಕೆ ಚಾಕು ಇಳಿಯಲಿಲ್ಲ. ಪಕ್ಕದಲ್ಲಿ ಅಂದು ರಜೆಯಿದ್ದ ಸೊಸೆಯ ತಟ್ಟೆಯಿಂದ ಹದವಾಗಿ ಬೆಂದ ತರಕಾರಿಯ ಘಮಘಮ ಪರಿಮಳ ಬರುತ್ತಿತ್ತು.

"ಏನೇ ಇದು?"

"ನೀವು ಹೇಳಿದ್ದೇ, ಮೂರು ತಿಂಗಳಿಂದ," ಎಂದರು ಹೆಂಡತಿ. "ಬಟಾಣಿ ಗುಂಡು ಅಂದ್ರಿ, ಬೀನ್ಸು ಹಗ್ಗ ಅಂದ್ರಿ, ಆಲೂಗಡ್ಡೆ ಕಲ್ಲು ಅಂದ್ರಿ. ಆಗ ನಾನು ತಿಳೀದೆ ಎದುರಾಡಿದೆ. ಈಗ ಮಾತು ಕೊಟ್ಟಿದ್ದೀನಲ್ಲ? ನೀವು ಹೇಳಿದ್ಮೇಲೆ ಅದು ಹಾಗೇ ಇರ್ಬೇಕು." ಇನ್ನೊಂದು ಸೌಟು ಬಟಾಣಿಯನ್ನು ತಟ್ಟೆಗೆ ಸುರಿದರು. ಅದು ತಟ್ಟೆಗೆ ಆಲಿಕಲ್ಲಿನ ಹಾಗೆ ಬಿತ್ತು. "ಹಲ್ಲು ಈಗ ಸರಿ ಇದೆ ತಾನೇ? ತಿನ್ನಿ. ಹೇಗಿದೆ?"

ರಾಯರು ಒಂದು ಹಿಡಿ ಬಟಾಣಿಯನ್ನು ಬಾಯಿಗೆ ಹಾಕಿಕೊಂಡರು. ನಾಲಿಗೆಯಿಂದ ಒಂದೊಂದನ್ನೇ ಮುಂದಿನ ಹಲ್ಲಿಗೆ ತಂದರು. ಅಭ್ಯಾಸವಿದ್ದ ಕೆಲಸ, ಕಷ್ಟವೇನೂ ಆಗಲಿಲ್ಲ.

"ಹ್ಞೂಂ," ಎಂದರು.